ಸುಬ್ಬರಾಮ ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ

ತಮಿಳುನಾಡು ಗಡಿಯ ಹೊಸೂರಿನ ಹಳೇ ಪೇಟೆಯ ಸುಬ್ಬರಾಮ ಮೇಷ್ಟ್ರು ಕಥೆ ಬರೆಯುತ್ತಾರೆ ಅನ್ನುವುದು ಪೂರ್ತಿ ನಿಜವಲ್ಲ. ಅವರು ಕಂಡಕಂಡವರ ತಲೆಯೊಳಕ್ಕೆ ಬಾಗಿಲು ತಟ್ಟದೆ ನುಗ್ಗುತ್ತಾರೆ, ಅಲ್ಲಿ ಏನಿರಬೇಕೆಂದು ತಮಗೆ ತೋಚಿದೆಯೋ ಅದನ್ನು ಇಟ್ಟು ಬರುತ್ತಾರೆ, ಆಮೇಲೆ ಅದಕ್ಕೆ ಕಥೆ ಎಂದು ಹೆಸರಿಡುತ್ತಾರೆ. ಒಂದೇ ಪುಟದಲ್ಲಿ ಗಂಡ ಏನು ಯೋಚಿಸಿದ, ಹೆಂಡತಿ ಏನು ಬಚ್ಚಿಟ್ಟಳು, ಜಗಲಿಯ ಮೇಲೆ ಕೂತ ಅತ್ತೆಯ ಹೊಟ್ಟೆಯೊಳಗೆ ಏನು ಉರಿಯಿತು, ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ಇವರನ್ನೆಲ್ಲ ನೋಡಿ ಏನಂದುಕೊಂಡಳು, ಎಲ್ಲವೂ ಬಂದುಬಿಡಬೇಕು. ಒಂದು ಕಥೆಯಲ್ಲಿ ಡೆಂಕಣಿಕೋಟೆ ಕಡೆಯ ರಾಗಿ ಹೊಲಕ್ಕೆ ಆನೆ ನುಗ್ಗಿತು; ಮೇಷ್ಟ್ರು ಆನೆಯ ತಲೆಯೊಳಕ್ಕೆ ನುಗ್ಗಿದರು. ಆ ಆನೆ ಬಾಳು ನಶ್ವರ ಎಂದು ಚಿಂತಿಸುತ್ತಾ ತೆನೆ ಮೇಯಿತು. ಆನೆಗೂ ಮೇಷ್ಟ್ರ ದನಿಯೇ ಬಂದಿದೆ ಎಂದು ಓದಿದವರು ನಕ್ಕರೆ, ಅವರು ಅದನ್ನು ಹೊಗಳಿಕೆ ಎಂದು ತಿಳಿದು ವಾರಗಟ್ಟಲೆ ಹೇಳಿಕೊಂಡು ತಿರುಗಿದರು.

ಆ ಆನೆಯನ್ನು ಟೈಪ್ ಮಾಡಿದವಳು ಮಗಳು ಗೌತಮಿ. ಅವಳು ಊರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರ್. ವಾರವೆಲ್ಲ ತಮಿಳು, ಇಂಗ್ಲಿಷಿನಲ್ಲಿ ಮಕ್ಕಳಿಗೆ ಬೀಜಗಣಿತ ಹೇಳಿ ಸುಸ್ತಾಗಿ ಬಂದರೆ, ಶನಿವಾರ ಮಧ್ಯಾಹ್ನ ಅಪ್ಪನ ಕನ್ನಡ ಕಾದಿರುತ್ತಿತ್ತು. ಮೇಷ್ಟ್ರು ಬೆನ್ನ ಹಿಂದೆ ಕೈಕಟ್ಟಿಕೊಂಡು ಹಜಾರದ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಹೇಳುವುದು, ಅವಳು ಲ್ಯಾಪ್‌ಟಾಪ್ ಮುಂದೆ ಕೂತು ಒತ್ತುವುದು. ಹತ್ತಿರದ ತಳಿ ಎಂಬ ಊರಿನ ಕನ್ನಡ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದ ಮೇಲೆ ಅವರಿಗೆ ಎದುರು ಕೂತು ಬರೆದುಕೊಳ್ಳುವವರೆಂದರೆ ಇವಳೊಬ್ಬಳೇ ಉಳಿದಿದ್ದಳು.

ಕಥೆಯಲ್ಲಿ ಹೇಗೋ ಮನೆಯಲ್ಲೂ ಹಾಗೆಯೇ. "ನಿಂಗೆ ಈಗ ಕಾಫಿ ಕುಡೀಬೇಕು ಅನ್ನಿಸ್ತಿದೆ, ಎದ್ದು ಮಾಡ್ಕೊ. ಹಾಗೇ ನಂಗೂ ಒಂದು ಲೋಟ" ಅನ್ನುವರು. ತಲೆನೋವು ಅಂದರೆ, "ಅದು ತಲೆನೋವಲ್ಲ ಕಣೆ, ಶಾಲೇಲಿ ಯಾರೋ ಏನೋ ಅಂದಿದಾರೆ, ನಂಗೊತ್ತು" ಅನ್ನುವರು. ತಾಯಿ ರಾಧಮ್ಮ ಕಾಯಿಲೆ ಬಿದ್ದಾಗಲೂ ಅದೇ ಪಾಡು. ಎಲ್ಲಿ ನೋವಮ್ಮ ಎಂದು ಡಾಕ್ಟರು ರಾಧಮ್ಮನ ಮುಖ ನೋಡಿ ತಮಿಳಿನಲ್ಲಿ ಕೇಳಿದರೆ, ಪಕ್ಕದ ಕುರ್ಚಿಯ ಮೇಷ್ಟ್ರು ನೋವಿನ ಜಾಗ, ನೋವಿನ ಬಗೆ, ಅದರ ಕಾರಣ ಎಲ್ಲವನ್ನೂ ಸೊಗಸಾದ ತಮಿಳಿನಲ್ಲಿ ಹೇಳಿ ಮುಗಿಸುತ್ತಿದ್ದರು. ನೋವು ಬೇರೆಲ್ಲೋ ಇದ್ದರೂ ರಾಧಮ್ಮ ತಲೆಯಾಡಿಸುತ್ತಿದ್ದರು. ಹಾಗೆ ತಲೆಯಾಡಿಸುತ್ತಲೇ ಒಂದು ದಿನ ಹೋಗಿಬಿಟ್ಟರು. ಆ ಸಾವಿನ ಮೇಲೂ ಮೇಷ್ಟ್ರು ಕಥೆ ಬರೆದರು. ಅದರಲ್ಲಿ ಹೆಂಡತಿ ಕೊನೆಯ ಗಳಿಗೆಯಲ್ಲಿ ಗಂಡನ ಸಾಹಿತ್ಯವನ್ನು ನೆನೆದು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾಳೆ.

ಅದನ್ನೂ ಗೌತಮಿಯೇ ಟೈಪ್ ಮಾಡಿದಳು. ಆವತ್ತಿನಿಂದ ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರುವುದು ನಿಂತುಹೋಯಿತು. ಸಿಟ್ಟು ಬರಬೇಕಾದರೂ ಎದುರಿನವರ ಮೇಲೆ ಒಂದಿಷ್ಟು ಮರ್ಯಾದೆ ಉಳಿದಿರಬೇಕು. ಅವಳಲ್ಲಿ ಉಳಿದದ್ದು ಬರೀ ತಾತ್ಸಾರ. ಹೇಳಿದ್ದನ್ನು ಒಂದಕ್ಷರ ತಪ್ಪದಂತೆ ಒತ್ತುತ್ತಿದ್ದಳು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದಳು, ಅವರ ಮುಖವನ್ನು ಮಾತ್ರ ಆದಷ್ಟು ನೋಡುತ್ತಿರಲಿಲ್ಲ.

ಮೇಷ್ಟ್ರ ಕಥೆಗಳು ಹೊರಗಿನ ಯಾವ ಪತ್ರಿಕೆಗೂ ಬೇಡವಾಗಿದ್ದವು. ಅವು ಅಚ್ಚಾಗುತ್ತಿದ್ದದ್ದು ಊರಿನ ಕನ್ನಡ ಸಂಘ ವರ್ಷಕ್ಕೊಮ್ಮೆ ತರುವ ಸಂಚಿಕೆಯಲ್ಲಿ. ಹಿರಿಯರು, ಹೆಡ್‌ಮಾಸ್ಟರು ಎಂದು ಹಾಕಿಕೊಳ್ಳುತ್ತಿದ್ದರು. ಓದಿದವರು ಎಷ್ಟು ಜನ ಅನ್ನುವುದು ಬೇರೆ ಮಾತು. ಈ ಸಲ ಸಂಚಿಕೆಯ ಜವಾಬ್ದಾರಿ ಯತಿರಾಜನ ಪಾಲಿಗೆ ಬಂತು. ಯತಿರಾಜ ಮಾಲೂರು ಕಡೆಯವನು, ಇಲ್ಲಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಸರಿಯೋ ತಪ್ಪೋ ಹೇಳುವ ಕೆಲಸ. ಅವಲಪಲ್ಲಿಯಲ್ಲಿ ಬಾಡಿಗೆ ಮನೆ, ಜೊತೆಗೆ ಅಕ್ಕ ಕಲ್ಪನಾ. ಅವನು ಮೇಷ್ಟ್ರ ಕಥೆಯನ್ನು ಪೂರ್ತಿ ಓದಿದ. ಅದೇ ಅವನು ಮಾಡಿದ ತಪ್ಪು.

ಕಥೆ ಮದುವೆಮನೆಯಲ್ಲಿ ಕಳೆದುಹೋದ ಸರದ್ದು. ಯತಿರಾಜ ಫೋನ್ ಮಾಡಿದಾಗ ಮೇಷ್ಟ್ರು, ಹೊಗಳಿಕೆ ಮಗಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದರು.

"ಮೇಷ್ಟ್ರೇ, ತಪ್ಪು ತಿಳ್ಕಬ್ಯಾಡಿ. ಮದ್ವೆಗೆ ಬಂದೋರ ಎಲ್ರ ತಲೆಯೊಳಗೂ ಹೋಗಿ ಬಂದಿದೀರ. ಕಳ್ಳನ ತಲೆಯೊಳಗೂ ಹೋಗಿದೀರ. ಅವನು ಅಲ್ಲಿ ಮಳೆ ಬೆಳೆ ಎಲ್ಲಾ ಯೋಚ್ನೆ ಮಾಡ್ತಾವ್ನೆ, ಸರ ಕದ್ದಿದ್ದೊಂದು ಬಿಟ್ಟು. ಕೊನೇಲಿ ನೋಡಿದ್ರೆ ಅವನೇ ಕಳ್ಳ. ಇದು ಓದೋರಿಗೆ ಮಾಡೋ ಮೋಸ ಅಲ್ವರಾ?"

"ಅದು ಕಥೆಗಾರನ ಸ್ವಾತಂತ್ರ್ಯ" ಅಂದರು ಮೇಷ್ಟ್ರು.

"ಯಾರಾದ್ರೂ ಒಬ್ರ ಪಕ್ಕ ನಿಂತ್ಕಳಿ ಮೇಷ್ಟ್ರೇ. ಅವ್ರಿಗೆ ಕಂಡಿದ್ದು, ಅವ್ರಿಗೆ ಕೇಳ್ಸಿದ್ದು, ಅಷ್ಟೇ ಬರೀರಿ. ಎಲ್ಲಾ ಗೊತ್ತು ಅಂತ ಹೊರಟ್ರೆ ಒಬ್ರೂ ನಂಬಲ್ಲ. ತಿದ್ದಿ ಕೊಡಿ, ಹಾಕೋಣ."

ಮೇಷ್ಟ್ರು ಫೋನ್ ಇಟ್ಟರು. ಕಿವಿ ಕೆಂಪಾಗಿತ್ತು. "ಬೋಲ್ಟು ಅಳೆಯೋನು! ನಂಗೆ ಕಥೆ ಹೇಳ್ಕೊಡ್ತಾನೆ, ಬೋಲ್ಟು ಅಳೆಯೋನು!" ಎಂದು ಸಂಜೆಯವರೆಗೂ ಹಜಾರದಲ್ಲಿ ಓಡಾಡಿದರು. ಗೌತಮಿ ಅಡುಗೆಮನೆಗೆ ಹೋಗಿ, ಎಷ್ಟೋ ವರ್ಷಗಳ ಮೇಲೆ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಆ ಕಥೆಯ ನೆಪದಲ್ಲೇ ಯತಿರಾಜ ಗೌತಮಿಗೆ ಫೋನ್ ಮಾಡತೊಡಗಿದ್ದ. ಮೊದಲು ಅಕ್ಷರ ತಪ್ಪುಗಳ ವಿಚಾರ, ಆಮೇಲೆ ಶಾಲೆಯ ವಿಚಾರ, ಆಮೇಲೆ ವಿಚಾರವೇ ಇಲ್ಲದ ಮಾತು. ಅವನು ಏನಾದರೂ ಕೇಳಿದರೆ ಉತ್ತರ ಬರುವವರೆಗೆ ಸುಮ್ಮನಿರುತ್ತಿದ್ದ. ಇದು ಗೌತಮಿಗೆ ಹೊಸದು. ಮೊದಮೊದಲು ಫೋನ್ ಕಟ್ಟಾಯಿತೇನೋ ಎಂದು ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಕಲ್ಪನಾ ಶಾಲೆಯ ಗೇಟಿಗೇ ಬಂದು ನಿಂತಳು. "ನಮ್ಮ ಯತಿಗೆ ನಿನ್ನ ಮ್ಯಾಲೆ ಮನಸಾಗೈತೆ ಕಣವ್ವ. ಮದ್ಲು ನಿನ್ನ ಕೇಳ್ಬೇಕು, ಆಮ್ಯಾಲೆ ನಿಮ್ಮಪ್ಪಾರ್ನ ಕೇಳಾಣ ಅಂತ ಬಂದೆ. ಭಾನುವಾರ ಬತ್ತೀವಿ. ಹಿರೀಕರು ಏನಂತಾರೋ ಹಂಗೆ. ಅವರು ಬ್ಯಾಡ ಅಂದ್ರೆ ನಾವು ಬಲವಂತ ಮಾಡೋರಲ್ಲ" ಎಂದಳು. ಮೂವತ್ತಾರು ದಾಟಿದ ಮೇಲೆ ಇಂಥ ಮಾತು ಮತ್ತೆ ಕೇಳುತ್ತೇನೆ ಎಂದು ಗೌತಮಿ ಅಂದುಕೊಂಡಿರಲಿಲ್ಲ. ಬನ್ನಿ ಅಂದಳು. ಅವಳಿಗೆ ಈ ಮದುವೆ ಬೇಕಾಗಿತ್ತು, ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕಾಗಿತ್ತು.

ಅಪ್ಪನಿಗೆ ಆ ಸಂಜೆಯೇ ಹೇಳಿದಳು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು.

"ನಂಗೆ ಮೊದ್ಲೇ ಗೊತ್ತಿತ್ತು. ನಿಂಗೆ ಇಷ್ಟ ಇಲ್ಲ ಅಂತಾನೂ ಗೊತ್ತು. ಹೇಗಪ್ಪಾ ಹೇಳೋದು ಅಂತ ಒದ್ದಾಡ್ತಿದೀಯ. ನಾನು ನೋಡ್ಕೋತೀನಿ ಬಿಡು."

"ಇಷ್ಟ ಇದೆ ಅಪ್ಪ."

"ಹಾಗನ್ನಿಸತ್ತೆ ನಿಂಗೆ. ಒಳಗಡೆ ಬೇರೆ ಇದೆ."

"ನನ್ನ ಒಳಗಡೆ ಏನಿದೆ ಅಂತ ನಂಗೆ ಗೊತ್ತಿರಲ್ವಾ?"

"ಇಲ್ಲ" ಅಂದರು ಮೇಷ್ಟ್ರು, ಮೂರನೇ ಕ್ಲಾಸಿನ ಹುಡುಗಿಗೆ ಹೇಳುವಷ್ಟು ಸಮಾಧಾನದಿಂದ. ಯತಿರಾಜ ಬೇರೆ ಜಾತಿಯವನು, ಆದರೆ ಮೇಷ್ಟ್ರ ಅಡ್ಡಿ ಜಾತಿಯದ್ದೂ ಅಲ್ಲ. ಜಾತಿ ಮೀರಿದ ಮದುವೆಗಳನ್ನು ಅವರು ಕಥೆಗಳಲ್ಲಿ ಧಾರಾಳವಾಗಿ ಮಾಡಿಸಿದ್ದರು, ಒಂದೊಂದರಲ್ಲೂ ಎದ್ದು ನಿಂತು ಅಕ್ಷತೆ ಹಾಕುವ ಮುದುಕ ಅವರೇ. ಅಡ್ಡಿ ಏನೆಂದು ಗೌತಮಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೋದರೆ ಟೈಪ್ ಮಾಡುವವರು ಯಾರು?

ಶನಿವಾರ ಬಂತು. ಊಟವಾದ ಮೇಲೆ ಮೇಷ್ಟ್ರು ಉತ್ಸಾಹದಿಂದ ಕೈ ಉಜ್ಜಿಕೊಂಡರು. "ಬಾ, ಕೂತ್ಕೋ. ಒಬ್ರ ಪಕ್ಕ ನಿಂತ್ಕೊಂಡು ಬರೀರಿ ಅಂದನಲ್ಲ ಆ ಮಹಾನುಭಾವ, ಬರೀತೀನಿ. ನಿನ್ನ ಪಕ್ಕ ನಿಂತ್ಕೊಂಡೇ ಬರೀತೀನಿ. ಪಕ್ಕ ಯಾಕೆ, ನಾನೇ ನೀನಾಗಿ ಬರೀತೀನಿ. ಸಂಜೆಯೊಳಗೆ ಅವನಿಗೆ ಕಳ್ಸು. ಕಥೆಗೆ ಕಥೇನೂ ಆಯ್ತು, ಉತ್ತರಕ್ಕೆ ಉತ್ತರಾನೂ ಆಯ್ತು. ನಾಳೆ ಬರೋ ಶ್ರಮ ತಪ್ಪುತ್ತೆ ಅವ್ರಿಗೆ."

ಮುಂದೇನಾಗುತ್ತದೆಂದು ಗೌತಮಿಗೆ ಹೊಳೆಯಿತು. ಯತಿರಾಜ ನಂಬಿಬಿಡುತ್ತಾನೆ. ಟೈಪ್ ಮಾಡಿದವಳು ಅವಳು, ಕಳಿಸುವವಳು ಅವಳು, ಕಥೆಯಲ್ಲಿ ಮಾತಾಡುವ 'ನಾನು' ಕೂಡ ಅವಳು. ಬಲವಂತ ಮಾಡುವವರಲ್ಲ ಎಂದು ಅವನ ಅಕ್ಕ ಬೇರೆ ಹೇಳಿಹೋಗಿದ್ದಾಳೆ. ಆದರೂ ಅವಳು ಕೂತಳು. ಈ ಮನುಷ್ಯ ಎಲ್ಲಿಯವರೆಗೆ ಹೋಗುತ್ತಾರೆ ನೋಡಿಯೇಬಿಡೋಣ ಅನ್ನಿಸಿತು.

ಮೇಷ್ಟ್ರು ನಡಿಗೆ ಶುರು ಮಾಡಿದರು. "ಬರ್ಕೋ. 'ನಾನು ಗಣಿತದ ಶಿಕ್ಷಕಿ. ಆದರೆ ನನ್ನ ಹೃದಯ ತಂದೆಯವರ ಸಾಹಿತ್ಯದ ನೆರಳಿನಲ್ಲಿ ಅರಳಿದ ಹೂವು. ಆ ನೆರಳನ್ನು ತೊರೆದು ಅನ್ಯರ ಹೊಸಿಲು ತುಳಿಯುವುದು ನನ್ನ ಕನಸಿನಲ್ಲಿಯೂ ಇರಲಿಲ್ಲ.'"

ಗೌತಮಿ ಒತ್ತಿದಳು. ನೆರಳಿನಲ್ಲಿ ಯಾವ ಹೂವು ಅರಳುತ್ತದೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

"'ಹಿಂದೊಮ್ಮೆ ಕೃಷ್ಣಗಿರಿಯ ಬ್ಯಾಂಕಿನಲ್ಲಿದ್ದ ತರುಣನೊಬ್ಬ ನನ್ನನ್ನು ನೋಡಲು ಬಂದಿದ್ದನು. ಅವನನ್ನು ಕಂಡ ಕ್ಷಣವೇ ನನ್ನ ಮನಸ್ಸು ಒಲ್ಲೆ ಎಂದಿತು.'"

ಅವಳ ಬೆರಳು ನಿಂತಿತು.

ಆ ತರುಣ ನಿರಂಜನ. ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು, ಆಗ ರಾಧಮ್ಮ ಇದ್ದರು. ಹಿತ್ತಲ ಬಾವಿಯ ಹತ್ತಿರ ಇಬ್ಬರಿಗೂ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟಿದ್ದರು. ಗಣಿತದಲ್ಲಿ ತಾನು ಎರಡು ಸಲ ಫೇಲಾದವನು, ಬ್ಯಾಂಕಿನಲ್ಲಿ ಹೇಗೆ ಸೇರಿಸಿಕೊಂಡರೋ ಎಂದು ಅವನು ನಗಿಸಿದ್ದ. ಗೌತಮಿಗೆ ಅವನು ತುಂಬ ಹಿಡಿಸಿದ್ದ. ಆಮೇಲೆ ಅವನು ಹಜಾರದಲ್ಲಿ ಹಿರಿಯರ ಜೊತೆ ಕೂತ, ಅವಳು ಅಮ್ಮನ ಜೊತೆ ಅಡುಗೆಮನೆಗೆ ಹೋಗಿ ಕಾಫಿಗಿಟ್ಟಳು. ಹಳೇ ಕಾಲದ ಹೆಂಚಿನ ಮನೆ ಅದು. ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆ ಸೂರಿನವರೆಗೆ ಏರದೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತುಬಿಡುತ್ತದೆ. ಹಜಾರದಲ್ಲಿ ಮಾಮೂಲಿ ದನಿಯಲ್ಲಿ ಆಡಿದ ಮಾತು ಒಲೆಯ ಮುಂದೆ ನಿಂತವರಿಗೆ ಸ್ಪಷ್ಟವಾಗಿ ಬೀಳುತ್ತದೆ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದರೂ ಮೇಷ್ಟ್ರಿಗೆ ಇದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಹಜಾರದಲ್ಲಿ ಮಾತಾಡುವವರು ಯಾವಾಗಲೂ ಅವರೇ. ಅಡುಗೆಮನೆಯಲ್ಲಿ ನಿಂತು ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವ ಪ್ರಸಂಗ ಅವರಿಗೆ ಬಂದಿರಲೇ ಇಲ್ಲ.

ಅವರು ಅಂದು ಹಜಾರದಲ್ಲಿ ಹೇಳಿದ್ದನ್ನು ತಾಯಿ ಮಗಳು ಇಬ್ಬರೂ ಕೇಳಿಸಿಕೊಂಡರು. ಹಜಾರದತ್ತ ಹೊರಟ ಮಗಳ ಮೊಣಕೈಯನ್ನು ರಾಧಮ್ಮ ಒತ್ತಿ ಹಿಡಿದು, "ಬೇಡ ಕಣೆ, ಹೊರಗಿನವರ ಮುಂದೆ ಅವರಿಗೆ ಅವಮಾನ ಆಗತ್ತೆ" ಎಂದು ಪಿಸುಗುಟ್ಟಿದರು. ಬಂದವರು ಕಾಫಿ ಕುಡಿಯದೆ ಎದ್ದರು. ಆಮೇಲೆ ಮೇಷ್ಟ್ರು ಮುಖ ಇಳಿಬಿಟ್ಟುಕೊಂಡು ಒಳಗೆ ಬಂದು, "ಹುಡುಗನಿಗೆ ನೀನು ಹಿಡಿಸ್ಲಿಲ್ವಂತೆ ಮಗಳೇ. ಹೋಗಲಿ ಬಿಡು, ನಿಂಗೂ ಅವನು ಅಷ್ಟೇನೂ ಹಿಡಿಸಿರ್ಲಿಲ್ಲ, ನಂಗೊತ್ತು" ಎಂದರು. ಆ ವರ್ಷ ಅವರು ಸ್ವಂತ ದುಡ್ಡಿನಲ್ಲಿ ತರುತ್ತಿದ್ದ ಮೊದಲ ಕಥಾಸಂಕಲನ ಅಚ್ಚಿಗೆ ಹೋಗುವುದಿತ್ತು. ಗೌತಮಿ ಇನ್ನೂ ಅರ್ಧ ಮಾತ್ರ ಟೈಪ್ ಮಾಡಿದ್ದಳು.

"ಯಾಕೆ ನಿಲ್ಲಿಸ್ದೆ?" ಅಂದರು ಮೇಷ್ಟ್ರು.

"ಇಲ್ಲಿ ನಾನು ಎಲ್ಲಿದೀನಿ ಅಪ್ಪ?"

"ಎಲ್ಲಿದೀನಿ ಅಂದ್ರೆ?"

"ಹುಡುಗನ ಕಡೆಯವರ ಹತ್ರ ನೀವು ಮಾತಾಡ್ತಿರೋವಾಗ ಕಥೇಲಿರೋ ನಾನು ಎಲ್ಲಿ ನಿಂತಿದೀನಿ?"

"ಅಡುಗೆಮನೇಲಿ. ಕಾಫಿ ಸೋಸ್ತಾ. ಬರ್ಕೋ, 'ಒಳಗಿನಿಂದಲೇ ನಾನು ಎಲ್ಲವನ್ನೂ ಕಂಡೆ. ಆ ತರುಣನ ಮುಖದಲ್ಲಿ ತಿರಸ್ಕಾರ...'"

"ಅಲ್ಲಿಂದ ಮುಖ ಕಾಣಲ್ಲ. ಗೋಡೆ ಇದೆ. ಬರೀ ಕೇಳಿಸತ್ತೆ."

"ಕೇಳ್ಸಲ್ಲ" ಅಂದರು ಮೇಷ್ಟ್ರು. ಬಹಳ ಬೇಗ ಅಂದರು. "ಇಲ್ಲಿ ಮಾತಾಡಿದ್ದು ಅಲ್ಲಿಗೆ ಕೇಳ್ಸೋದಿಲ್ಲ."

ಗೌತಮಿ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿದಳು. "ಒಳಗೆ ಹೋಗಿ ಒಲೆ ಮುಂದೆ ನಿಂತ್ಕೊಳ್ಳಿ."

"ಏನು ಹುಡುಗಾಟ ಇದು?"

"ನನ್ನ ಕಥೆ ತಾನೇ? ನಾನು ನಿಂತಿದ್ದ ಜಾಗಾನ ಒಂದ್ಸಲ ನೋಡ್ಕೊಂಡ್ ಬನ್ನಿ. ಹೋಗಿ."

ಅವಳ ದನಿಯಲ್ಲಿ ಏನಿತ್ತೋ, ಮೇಷ್ಟ್ರು ಹೋದರು. ಪಂಚೆ ಎತ್ತಿ ಹಿಡಿದುಕೊಂಡು, ನೆಂಟರ ಮನೆಯ ಅಡುಗೆಕೋಣೆಗೆ ಹೋಗುವವರ ಹಾಗೆ ಅಳುಕುತ್ತಾ ಹೋಗಿ ನಿಂತರು. ಗೌತಮಿ ಅಪ್ಪ ಅಂದು ಕೂತಿದ್ದ ಕುರ್ಚಿಯಲ್ಲಿ ಕೂತಳು. ದನಿ ಏರಿಸಲಿಲ್ಲ. ಎದುರಿಗೆ ಕೂತವರ ಹತ್ತಿರ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು.

"ಹುಡುಗ ಚೆನ್ನಾಗಿದಾನೆ ಸ್ವಾಮಿ, ನಮ್ದೇನೂ ಅಭ್ಯಂತರ ಇಲ್ಲ. ಆದ್ರೆ ನಮ್ಮ ಗೌತಮಿಗೆ ಮನಸ್ಸಿಲ್ಲ. ನಿಮ್ಮೆದುರಿಗೆ ಹೇಳೋಕೆ ಸಂಕೋಚ ಅವಳಿಗೆ, ರಾತ್ರಿಯೆಲ್ಲ ಅತ್ತಿದಾಳೆ. ಹೆತ್ತವನಿಗೆ ಮಗಳ ಮನಸ್ಸು ಗೊತ್ತಾಗಲ್ವಾ? ನೀವು ಬೇರೆ ಕಡೆ ನೋಡ್ಕೊಳ್ಳಿ."

ಬೀದಿಯಲ್ಲಿ ಷೇರ್ ಆಟೋ ಒಂದು ಹಾರ್ನ್ ಹೊಡೆದುಕೊಂಡು ಹೋಯಿತು. ಮೇಷ್ಟ್ರು ಹೊರಗೆ ಬಂದು ಬಾಗಿಲಲ್ಲಿ ನಿಂತರು.

"ಕೇಳಿಸ್ತಾ?" ಅಂದಳು ಗೌತಮಿ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹೆಗಲ ಮೇಲಿನ ಟವೆಲ್ ಎಳೆದು ನೇರ ಮಾಡಿಕೊಂಡರು. ಅಷ್ಟರಲ್ಲಿ ಅವರಿಗೆ ಹಳೇ ಧೈರ್ಯ ಬಂದುಬಿಟ್ಟಿತು. "ನಿಂಗೆ ಕೇಳಿಸಿರತ್ತೆ ಅಂತ ನಂಗೆ ಆಗಲೇ ಗೊತ್ತಿತ್ತು" ಅಂದರು.

ಗೌತಮಿ ಬಹಳ ದಿನಗಳ ಮೇಲೆ ಅಪ್ಪನ ಮುಖವನ್ನು ನೆಟ್ಟಗೆ ನೋಡಿದಳು. ಎಪ್ಪತ್ತು ದಾಟಿದ ಮುಖ, ಗಲ್ಲದ ಮೇಲೆ ಬೆಳಗ್ಗೆ ಕ್ಷೌರದಲ್ಲಿ ಉಳಿದುಹೋದ ನಾಲ್ಕು ಬಿಳಿ ಕೂದಲು. ಅಯ್ಯೋ ಅನ್ನಿಸಿತು. ಒಂದೇ ಒಂದು ಅವಕಾಶ ಕೊಡೋಣ ಅಂದುಕೊಂಡಳು.

"ಅಪ್ಪ, ನಂಗೆ ಆ ಹುಡುಗ ಇಷ್ಟ ಆಗಿದ್ದ. ಮದುವೆ ಆಗ್ಬೇಕು ಅಂತ ತುಂಬ ಆಸೆ ಇತ್ತು. ಅದು ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನಲಿ, ಎಂದು ಅವಳು ನಿಜವಾಗಿಯೂ ಹಾರೈಸಿದಳು. ಗೊತ್ತಿರಲಿಲ್ಲ ಮಗಳೇ, ತಪ್ಪಾಗಿ ತಿಳಿದುಕೊಂಡೆ ಅಂದರೆ ಸಾಕು, ಇಷ್ಟು ವರ್ಷದ್ದನ್ನು ಮರೆತುಬಿಡಬಹುದು. ತಿಳಿಯದೆ ಮಾಡಿದ್ದಕ್ಕೆ ಯಾರೂ ಶೂಲಕ್ಕೇರಿಸುವುದಿಲ್ಲ. ಮೇಷ್ಟ್ರಿಗೂ ಪ್ರಶ್ನೆಯ ಇಕ್ಕಟ್ಟು ಅರ್ಥವಾಯಿತು, ದಡ್ಡರೇನಲ್ಲ ಅವರು. ಗೊತ್ತಿರಲಿಲ್ಲ ಅಂದರೆ ಇಷ್ಟು ಕಾಲ ಮನೆಯಲ್ಲೂ ಕಥೆಯಲ್ಲೂ ಹೇಳಿಕೊಂಡು ಬಂದದ್ದೆಲ್ಲ ಬೊಗಳೆ. ಗೊತ್ತಿತ್ತು ಅಂದರೆ ತಿಳಿದೂ ತಿಳಿದೂ ಮಗಳ ಬಾಳಿಗೆ ಕಲ್ಲು ಹಾಕಿದ ಹಾಗೆ.

"ಗೊತ್ತಿತ್ತು" ಅಂದರು ಸುಬ್ಬರಾಮ ಮೇಷ್ಟ್ರು. "ನಂಗೆ ಗೊತ್ತಾಗದೆ ಇರತ್ತಾ?"

ಗೌತಮಿ ಎದ್ದಳು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದ ಸಾಲುಗಳನ್ನು ಅಳಿಸಿ ಮುಚ್ಚಳ ಹಾಕಿದಳು. ಫೋನ್ ತೆಗೆದುಕೊಂಡು ಅಡುಗೆಮನೆಗೆ ಹೋಗದೆ, ಹಜಾರದ ನಡುವೆಯೇ ನಿಂತು ಕಲ್ಪನಾಗೆ ಕರೆ ಮಾಡಿದಳು.

"ಅಕ್ಕ, ನಾನು ಗೌತಮಿ. ನಂಗೆ ಒಪ್ಪಿಗೆ ಅಂತ ಯತಿರಾಜ್‌ಗೆ ಹೇಳಿ. ನಾಳೆ ನೀವು ಇಲ್ಲಿಗೆ ಬರೋದು ಬೇಡ, ನಾನೇ ಅವಲಪಲ್ಲಿಗೆ ಬರ್ತೀನಿ. ದಿನ ಯಾವತ್ತು, ಎಲ್ಲಿ, ಹೇಗೆ ಅನ್ನೋದೆಲ್ಲ ಕೂತು ಮಾತಾಡೋಣ."

"ಅಯ್ಯೋ, ಬಾರವ್ವ, ಬಂಗಾರದಂಗೆ ಬಾ" ಎಂಬ ದನಿ ಫೋನಿನಿಂದ ಆಚೆಗೂ ಕೇಳಿಸಿತು. "ಆದ್ರೆ ನಿಮ್ಮಪ್ಪಾರ್ನ ಒಂದ್ ಮಾತು ಕೇಳ್ಬೇಕಲ್ಲವ್ವ?"

"ಕೇಳಿದ್ದಾಯ್ತು ಅಕ್ಕ" ಅಂದಳು ಗೌತಮಿ.

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು. ಆಗ ಅವರ ಮನಸ್ಸಿನಲ್ಲಿ ಏನಿತ್ತೋ ಅವಳಿಗೆ ಗೊತ್ತಿಲ್ಲ. ತಿಳಿದುಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ.